ಕಿಟಕಿ ಮೂಲೆಯ ಕಪ್ಪು ಬೂಷ್ಟು

ಮಡಿಕೇರಿಯ ಆಷಾಢದ ಮಳೆ. ಕಿಟಕಿ ಮೂಲೆ ನೋಡಿ, ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಬೂಷ್ಟು!

ಒಣ ಬ್ರಷ್‌ನಿಂದ ಉಜ್ಜಲೇಬೇಡಿ, ಅದರ ಕಣಗಳು ಮನೆಯೆಲ್ಲ ಹಾರುತ್ತವೆ. ಮಾಸ್ಕ್, ಗ್ಲೌಸ್ ಹಾಕಿಕೊಂಡು ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಸಂದುಗೊಂದಿಗೆ ಹಳೇ ಟೂತ್‌ಬ್ರಷ್, ಅದನ್ನೂ ಒದ್ದೆ ಮಾಡಿಯೇ. ಆಮೇಲೆ ಒಣಬಟ್ಟೆ, ಫ್ಯಾನ್. ಒದ್ದೆಯಾದ ಜಾಗ 24ರಿಂದ 48 ಗಂಟೆಯೊಳಗೆ ಪೂರ್ತಿ ಒಣಗಿದರೆ ಬೂಷ್ಟು ಬಹುಪಾಲು ಹಿಡಿಯುವುದೇ ಇಲ್ಲ.

ಬ್ಲೀಚ್ ಬಳಸುವವರು ದಯವಿಟ್ಟು ಕೇಳಿ: ಅದಕ್ಕೆ ವಿನೆಗರ್, ಟಾಯ್ಲೆಟ್ ಕ್ಲೀನರ್ ಬೆರೆಸಬೇಡಿ. ವಿಷಾನಿಲ ಏಳುತ್ತದೆ. ಬೂಷ್ಟಿನ ಮೇಲೇ ಪೇಂಟ್ ಹೊಡೆಸಿದರೂ ದುಡ್ಡು ದಂಡ.

ಈಗ ನೀರು ಎಲ್ಲಿ ನಿಲ್ಲುತ್ತಿದೆ ಹುಡುಕೋಣ. ಸ್ಲೈಡಿಂಗ್ ಕಿಟಕಿಯಾದರೆ ಕೆಳಗಿನ ಹಳಿಯೊಳಗೆ ಇಣುಕಿ. ನೀರು ಹೊರಹೋಗಲೆಂದೇ ಅಲ್ಲಿ ಸಣ್ಣ ತೂತುಗಳಿರುತ್ತವೆ. ಧೂಳು, ಸತ್ತ ಇರುವೆ ಸೇರಿ ಕಟ್ಟಿಕೊಂಡಿರುತ್ತವೆ. ಪೊರಕೆಕಡ್ಡಿಯಿಂದ ಬಿಡಿಸಿ, ಅರ್ಧ ಲೋಟ ನೀರು ಹಾಕಿ. ಹೊರಗೆ ಹರಿಯಿತಾ? ಸರಿಹೋಯಿತು.

ಮನೆಯೊಳಗೆ ಬಟ್ಟೆ ಒಣಹಾಕಿದರೆ ಆ ತೇವವೂ ತಣ್ಣನೆಯ ಗಾಜಿನ ಮೇಲೇ ಕೂರುತ್ತದೆ. ಬೆಳಿಗ್ಗೆ ಎದ್ದಕೂಡಲೇ ಗಾಜು ಒರೆಸಿಬಿಡಿ. ಬಿಸಿಲು ಕಂಡ ಹೊತ್ತು ಎದುರುಬದುರಿನ ಕಿಟಕಿ ತೆರೆಯಿರಿ, ಪರದೆ ಪಕ್ಕಕ್ಕೆ ಸರಿಸಿ.