ಜನರೇ ಕಿಟಕಿಗಳು

ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮ ಕಾಲೇಜಿನ ಸಭಾಂಗಣದಲ್ಲಿ ಬೆಳಿಗ್ಗೆ ಮೈಕ್ ಪರೀಕ್ಷಿಸುವಾಗ ಮಾತೆಲ್ಲ ಗೊಂಯ್ ಎನ್ನುತ್ತದೆ. ಸಂಜೆ ಜನ ತುಂಬಿದ ಮೇಲೆ ಅದೇ ಮೈಕಿನಲ್ಲಿ ತಿಳಿಯಾಗಿ ಕೇಳಿಸುತ್ತದೆ. ಯಾಕೆ?’

ಇದಕ್ಕೆ ಉತ್ತರ ಸಿಕ್ಕಿದ್ದೂ ಕಾಲೇಜಿನ ಸಭಾಂಗಣವೊಂದರಲ್ಲೇ. 1895ರಲ್ಲಿ ಹಾರ್ವರ್ಡ್‌ನ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಭವನದಲ್ಲಿ ಪಾಠವೇ ಅರ್ಥವಾಗುತ್ತಿರಲಿಲ್ಲ. ಆಡಿದ ಪದದ ಅನುರಣನ ಐದೂವರೆ ಸೆಕೆಂಡ್ ಉಳಿಯುತ್ತಿತ್ತು. ಅಷ್ಟರಲ್ಲಿ ಮುಂದಿನ ಪದಗಳು ಅದರ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತಿತ್ತು. ಸರಿಪಡಿಸುವ ಹೊಣೆ ವ್ಯಾಲೇಸ್ ಸ್ಯಾಬೀನ್ ಎಂಬ 27ರ ಹರೆಯದ ಭೌತವಿಜ್ಞಾನದ ಅಧ್ಯಾಪಕರಿಗೆ ಬಂತು.

ಅದೇ ವಿಶ್ವವಿದ್ಯಾಲಯದ ಸ್ಯಾಂಡರ್ಸ್ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ಹೊರಿಸಿ ತಂದರು. ಊರು ಮಲಗಿದ ಮೇಲೆ ಆರ್ಗನ್ ಕೊಳವೆಯೊಂದನ್ನು ನುಡಿಸಿ ನಿಲ್ಲಿಸುವುದು, ನಾದ ಪೂರ್ತಿ ಅಡಗುವವರೆಗಿನ ಕಾಲವನ್ನು ಬರಿಗಿವಿಯಿಂದ ಅಳೆಯುವುದು, ಇನ್ನಷ್ಟು ಮೆತ್ತೆ ಹಾಸಿ ಮತ್ತೆ ಅಳೆಯುವುದು. ಎಲ್ಲ ಮೆತ್ತೆಗಳನ್ನೂ ಹಾಸಿದಾಗ ಅನುರಣನ ಒಂದು ಸೆಕೆಂಡಿನ ಆಸುಪಾಸಿಗೆ ಇಳಿಯಿತು. ಅವರ ನಿಷ್ಠೆ ಎಂಥದ್ದೆಂದರೆ, ತಾನು ತೊಟ್ಟ ಬಟ್ಟೆ ಬದಲಾಗಿ ಫಲಿತಾಂಶ ಕೆಟ್ಟಿದೆಯೆಂದು ತಿಳಿದಾಗ 3,000ಕ್ಕೂ ಹೆಚ್ಚು ಅಳತೆಗಳನ್ನು ಕೈಬಿಟ್ಟರು. ಆಮೇಲೆ ಪ್ರಯೋಗಕ್ಕೆ ಯಾವಾಗಲೂ ಒಂದೇ ಉಡುಪು!

ಅಳತೆಗೋಲಾಗಿ ಅವರು ಆರಿಸಿಕೊಂಡದ್ದು ತೆರೆದ ಕಿಟಕಿ. ಅದರಿಂದ ಹೊರಬಿದ್ದ ದನಿ ಮರಳುವುದಿಲ್ಲ. ದನಿ ಹೀರುವುದರಲ್ಲಿ ಒಬ್ಬ ಸಭಿಕ ಅರ್ಧ ಚದರ ಮೀಟರಿಗಿಂತ ತುಸು ಚಿಕ್ಕ ಕಿಟಕಿಗೆ ಸಮ. ನಿಮ್ಮ ಸಭಾಂಗಣಕ್ಕೆ ಸಂಜೆ 500 ಮಂದಿ ಬಂದರೆಂದರೆ, ಗೋಡೆ ಒಡೆದು 200 ಚದರ ಮೀಟರಿಗೂ ದೊಡ್ಡ ಕಿಟಕಿ ಇಟ್ಟಂತಾಯಿತು. ಬೆಳಗಿನ ಗೊಂಯ್ ಹೋಗುವುದು ಆ ಕಿಟಕಿಯಿಂದ.

1898ರಲ್ಲಿ ಸೂತ್ರವೂ ಕೈಗೆ ಬಂತು: ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ಹಿಡಿದು 0.161ರಿಂದ ಗುಣಿಸಿ, ಇಂಥ ‘ಕಿಟಕಿ’ಗಳ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಅನುರಣನದ ಸೆಕೆಂಡುಗಳು ಸಿಗುತ್ತವೆ. ಈ ಲೆಕ್ಕ ಹಾಕಿಯೇ ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ಜಗತ್ತಿನ ಅತ್ಯುತ್ತಮ ಸಂಗೀತ ಭವನಗಳ ಸಾಲಿನಲ್ಲಿ ಇಂದಿಗೂ ಅದರ ಹೆಸರಿದೆ.

ಭಾಷಣ ಕೇಳಿಸದಿದ್ದರೆ ನಮ್ಮಲ್ಲಿ ಇನ್ನೆರಡು ದೊಡ್ಡ ಸ್ಪೀಕರ್ ತರಿಸುತ್ತಾರೆ. ಅದರಿಂದ ಮಾತಿನ ಜೊತೆಗೆ ಗೊಂಯ್ ಕೂಡ ಅಷ್ಟೇ ಜೋರಾಗುತ್ತದೆ. ಬೇಕಾದದ್ದು ದಪ್ಪ ಪರದೆ, ಮೆತ್ತೆಯ ಕುರ್ಚಿ, ದನಿ ಹೀರುವ ಹಲಗೆ. ಹೊಸ ಸಭಾಂಗಣ ಕಟ್ಟಿಸುವ ಕಾಲೇಜುಗಳಲ್ಲಿ ನನ್ನದೊಂದು ಕೋರಿಕೆ: ನಕ್ಷೆಗೆ ಸಹಿ ಹಾಕುವ ಮುನ್ನ ಎಂಜಿನಿಯರರಿಂದ ಅನುರಣನದ ಲೆಕ್ಕ ಕೇಳಿ ಪಡೆಯಿರಿ.