ತರಕಾರಿಯ ಕೂಡು ಮಾರಾಟ

ಬೆಳ್ತಂಗಡಿ ತಾಲ್ಲೂಕಿನ ಅನೇಕ ಸಣ್ಣ ಹಿಡುವಳಿದಾರರು ಅಡಿಕೆ ತೋಟದ ಬದಿಯಲ್ಲೋ ಭತ್ತ ಕೊಯ್ದ ಗದ್ದೆಯಲ್ಲೋ ಹತ್ತಿಪ್ಪತ್ತು ಸೆಂಟ್ಸ್ ತರಕಾರಿ ಬೆಳೆಯುತ್ತಾರೆ. ಅಲಸಂಡೆ, ಬೆಂಡೆ, ಹಾಗಲ, ಹೀರೆ, ಸೌತೆ ಇಲ್ಲಿ ಚೆನ್ನಾಗಿಯೇ ಬರುತ್ತವೆ. ಘಟ್ಟದ ಮೇಲಿನಿಂದ ಬರುವ ತರಕಾರಿಗಿಂತ ‘ಊರ ತರಕಾರಿ’ಗೆ ಗಿರಾಕಿಗಳು ಹೆಚ್ಚು ಬೆಲೆ ಕೊಡುವುದೂ ಉಂಟು. ಆದರೂ ಬೆಳೆಗಾರನ ಕೈಯಲ್ಲಿ ಉಳಿಯುವುದು ಕಡಮೆ. ಇದಕ್ಕೆ ಮುಖ್ಯ ಕಾರಣ, ಪ್ರತಿಯೊಬ್ಬನೂ ತನ್ನ ಒಂದು ಚೀಲವನ್ನು ತಾನೇ ಹೊತ್ತು ಅಂಗಡಿಗೆ ಹೋಗುವುದು.

ಒಂದು ಲೆಕ್ಕ ಹಾಕಿ ನೋಡೋಣ. ಇಲ್ಲಿಯ ಅಂಕಿಗಳು ಉದಾಹರಣೆಗೆ ಮಾತ್ರ. ಒಬ್ಬ ರೈತ 30 ಕಿಲೋ ಅಲಸಂಡೆಯನ್ನು 300 ರೂಪಾಯಿ ಬಾಡಿಗೆಯ ರಿಕ್ಷಾದಲ್ಲಿ ಪೇಟೆಗೆ ಒಯ್ದರೆ ಕಿಲೋಗೆ 10 ರೂಪಾಯಿ ಸಾಗಣೆಗೇ ಹೋಯಿತು. ಅಂಥ ಹತ್ತು ಮಂದಿ ಸೇರಿ 300 ಕಿಲೋವನ್ನು 900 ರೂಪಾಯಿಯ ಒಂದೇ ವಾಹನದಲ್ಲಿ ಕಳುಹಿಸಿದರೆ ಕಿಲೋಗೆ 3 ರೂಪಾಯಿ. ಒಂದು ಕೊಯ್ಲಿಗೆ ತಲಾ 210 ರೂಪಾಯಿ ಉಳಿಯಿತು. ಅಲಸಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಬೇಕು; ಇಪ್ಪತ್ತು ಕೊಯ್ಲಿಗೆ ಉಳಿತಾಯ 4,200 ರೂಪಾಯಿ. ನಿತ್ಯ 300 ಕಿಲೋ ಕೊಡುವವರೊಡನೆ ಸಗಟು ವ್ಯಾಪಾರಿಯೂ ಬೇರೆ ರೀತಿ ಮಾತನಾಡುತ್ತಾನೆ.

ಕೂಡಿ ಕೆಲಸ ಮಾಡುವುದು ಈ ಸೀಮೆಗೆ ಹೊಸತಲ್ಲ. 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಗುಂಪುಗಳಲ್ಲಿ ಐದರಿಂದ ಎಂಟು ಮಂದಿ ಸಣ್ಣ ರೈತರು ವಾರಕ್ಕೊಂದು ದಿನ ಸರದಿಯಂತೆ ಒಬ್ಬರ ಜಮೀನಿನಲ್ಲಿ ಎಲ್ಲರೂ ದುಡಿಯುವ ಕ್ರಮವಿದೆ. ಹೀಗೆ ದುಡಿಮೆ ಹಂಚಿಕೊಂಡು ಅಭ್ಯಾಸವಿದ್ದವರಿಗೆ ಮಾರಾಟದಲ್ಲಿ ಜೊತೆಗೂಡುವುದು ಕಷ್ಟವಾಗಬಾರದು. ಅಡಿಕೆ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದ್ದೂ ಇದೇ ಜಿಲ್ಲೆಯಲ್ಲಿ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಬೆಲೆ ಬರುವ ತನಕ ಅಡಿಕೆ ಅಟ್ಟದಲ್ಲಿ ಕಾಯುತ್ತದೆ. ಬೆಂಡೆ ಎರಡು ದಿನವೂ ಕಾಯದು. ಆದ್ದರಿಂದ ತರಕಾರಿಯಲ್ಲಿ ಮಾರಾಟದ ಮಾತುಕತೆ ಬಿತ್ತನೆಗೆ ಮೊದಲೇ ಆಗಬೇಕು.

ಉಡುಪಿ ಜಿಲ್ಲೆಯ ಮಟ್ಟು ಗ್ರಾಮದ ಗುಳ್ಳ ಬದನೆ ಬೆಳೆಗಾರರು ಸಂಘ ಮಾಡಿಕೊಂಡು, ಕಾಯಿಗಳನ್ನು ವಿಂಗಡಿಸಿ, ಗುರುತಿನ ಚೀಟಿ ಅಂಟಿಸಿ ಮಾರುತ್ತಾರೆ. 2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಹುಳುಕು ಕಾಯಿಯನ್ನು ಒಳ್ಳೆಯದರ ಜೊತೆ ಸೇರಿಸದಿರುವುದೇ ಇಂಥ ಸಂಘದ ಬಂಡವಾಳ. ಒಬ್ಬ ಸದಸ್ಯ ಚೀಲದ ಅಡಿಗೆ ಬಲಿತ ಬೆಂಡೆ ತುಂಬಿದರೆ ಹತ್ತು ಮಂದಿಯ ಹೆಸರೂ ಕೆಡುತ್ತದೆ.

ಗುಂಪುಗಳು ಒಡೆಯುವುದು ಸಾಮಾನ್ಯವಾಗಿ ಎರಡು ಕಾರಣಗಳಿಂದ. ಮನೆ ಬಾಗಿಲಿಗೆ ಬಂದ ವ್ಯಾಪಾರಿ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಟ್ಟಾಗ ಸದಸ್ಯನೇ ಅವನಿಗೆ ಮಾರಿಬಿಡುವುದು ಒಂದು. ಗುಂಪು ಚದುರಿದ ಮೇಲೆ ಆ ಎರಡು ರೂಪಾಯಿ ಉಳಿಯುವುದಿಲ್ಲ. ಎರಡನೆಯದು ಹಣ ತಡವಾಗುವುದು. ಕೂಲಿ ಕೊಡಬೇಕಾದ ಸಣ್ಣ ರೈತ ಹದಿನೈದು ದಿನ ಕಾಯಲಾರ. ಅವನನ್ನು ದೂರುವುದು ನ್ಯಾಯವಲ್ಲ. ಕಿಲೋಗೆ ಒಂದು ರೂಪಾಯಿಯಂತೆ ಹಿಡಿದು ಸಣ್ಣ ನಿಧಿ ಮಾಡಿಕೊಂಡು ಅಂದೇ ಸ್ವಲ್ಪ ಮುಂಗಡ ಕೊಡುವುದು ಉತ್ತಮ. ಗುಂಪಿಗೆ ಸ್ವಂತ ತೂಕದ ಯಂತ್ರವಿರಲಿ. ತೂಕ, ದರ, ಬಾಡಿಗೆಗಳನ್ನು ಎಲ್ಲರಿಗೂ ಕಾಣುವಂತೆ ಪುಸ್ತಕದಲ್ಲಿ ಬರೆದಿಡಲಿ.

ಕೇಂದ್ರ ಸರಕಾರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ರೈತ ಉತ್ಪಾದಕ ಸಂಸ್ಥೆಗೆ ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿವರೆಗೆ ನೆರವಿನ ಅವಕಾಶ ಕಲ್ಪಿಸಲಾಗಿತ್ತು. ಬಯಲು ಪ್ರದೇಶದಲ್ಲಿ ಅದಕ್ಕೆ ಕನಿಷ್ಠ 300 ಸದಸ್ಯರು ಬೇಕಾಗಿತ್ತು. ನೆರವಿಗಾಗಿ ಅವಸರದಲ್ಲಿ ಹೆಸರು ಸೇರಿಸುವುದಕ್ಕಿಂತ, ಹತ್ತು ಮನೆಗಳು ಒಂದು ಮಳೆಗಾಲ ಕೂಡಿ ಮಾರಿ ನೋಡುವುದು ಲೇಸೆಂದು ನಮ್ಮ ಅಭಿಪ್ರಾಯ.

ಅಷ್ಟಮಿ, ಚೌತಿಗಳಿಗೆ ಊರ ಬೆಂಡೆ, ಹೀರೆ, ಹರಿವೆಗೆ ಒಳ್ಳೆಯ ಬೇಡಿಕೆ ಇರುತ್ತದೆ. ಬೆಂಡೆ ಕೊಯ್ಲಿಗೆ ಬರಲು 45ರಿಂದ 50 ದಿನ ಬೇಕು. ಪತ್ತನಾಜೆಯ ಒಳಗೆ ಗುಂಪಿನ ಸಭೆ ಸೇರಿ, ಅರ್ಧ ಮಂದಿ ಜೂನ್ ಮಧ್ಯದಲ್ಲಿ, ಉಳಿದವರು ಹದಿನೈದು ದಿನ ಬಿಟ್ಟು ಏರುಮಡಿಗಳಲ್ಲಿ ಬಿತ್ತುವಂತೆ ಗೊತ್ತುಮಾಡಿಕೊಂಡರೆ ಮಾಲು ಒಂದೇ ವಾರದಲ್ಲಿ ರಾಶಿ ಬೀಳುವುದಿಲ್ಲ.