ಮಬ್ಬುಗಾಜಿನ ಮೇಲೆ ಮೂಡುವ ಲೋಕ

ಮದರಾಸಿನ ಉತ್ತರದಂಚಿನಲ್ಲಿರುವ ಮಣಲಿಯ ಹೆಸರನ್ನು ಕೇಳಿದೊಡನೆ ಇಂದಿನವರ ನೆನಪಿಗೆ ಬರುವುದು 1969ರಲ್ಲಿ ಕೆಲಸ ಆರಂಭಿಸಿದ ತೈಲ ಶುದ್ಧೀಕರಣಾಗಾರವೂ, ಅದರ ನೆರೆಯ ರಸಗೊಬ್ಬರದ ಕಾರ್ಖಾನೆಯೂ, ಚಿಮಣಿಯ ತುದಿಯಲ್ಲಿ ಉರಿಯುವ ಜ್ವಾಲೆಯೂ ಆದರೂ, ಸಂಗೀತವನ್ನು ಬಲ್ಲವರಿಗೆ ಇದು ಬೇರೊಂದು ಕಾರಣದಿಂದ ಪ್ರಿಯವಾದ ಊರು. ಇಲ್ಲಿಯ ಮೊದಲಿಯಾರ್ ಮನೆತನದ ಆಶ್ರಯದಲ್ಲಿ ಮುತ್ತುಸ್ವಾಮಿ ದೀಕ್ಷಿತರ ಕುಟುಂಬವು ಕೆಲವು ಕಾಲ ನೆಲೆಸಿದ್ದಿತು. ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡಿನ ಧಾಟಿಗಳನ್ನು ಕೇಳಿದ ದೀಕ್ಷಿತರು ಅವಕ್ಕೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದುದೂ, ಅವರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದುದೂ ಈ ಆಶ್ರಯದ ಫಲವೇ.

ಈ ಊರಿನಲ್ಲಿ ವಾಸವಾಗಿದ್ದು, ಬಿಡುವಿನ ದಿನಗಳಲ್ಲಿ ಮರದ ದೊಡ್ಡ ಕ್ಯಾಮೆರಾವನ್ನು ಅಭ್ಯಾಸ ಮಾಡುತ್ತ ಬಂದಿರುವ ನನಗೆ ಆ ಪಿಟೀಲು ಆಗಾಗ ನೆನಪಾಗುತ್ತದೆ. ಕ್ಯಾಮೆರಾವೂ ಹೊರಗಿನಿಂದ ಬಂದ ಉಪಕರಣ. ಅದನ್ನೂ ನಮ್ಮ ಕೈಗಳು ಒಗ್ಗಿಸಿಕೊಂಡವು. 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ‘ವಾಗೀಶ್ವರಿ’ ಎಂಬ ಹೆಸರಿನ ಫೀಲ್ಡ್ ಕ್ಯಾಮೆರಾವನ್ನು ಕಟ್ಟಲು ತೊಡಗಿದ ಕರುಣಾಕರನ್ ಅವರದು ವಾದ್ಯಗಳನ್ನು ಮಾಡುವ ಮನೆತನ. ತೇಗದ ಮೈ, ಹಿತ್ತಾಳೆಯ ತಿರುಪು, ಮಡಿಕೆ ಮಡಿಕೆಯಾದ ಚರ್ಮದ ತಿದಿ! ಹಾರ್ಮೋನಿಯಂನ ತಿದಿಯನ್ನು ಬಲ್ಲ ಮನೆಗೆ ಕ್ಯಾಮೆರಾದ ತಿದಿ ಅಪರಿಚಿತವಾಗಲು ಕಾರಣವೇ ಇರಲಿಲ್ಲ.

ಇಂಥ ಕ್ಯಾಮೆರಾದ ರಚನೆ ಆಶ್ಚರ್ಯವಾಗುವಷ್ಟು ಸರಳ. ಮುಂದೆ ಮಸೂರ, ಹಿಂದೆ ಮಬ್ಬುಗಾಜು, ನಡುವೆ ಬೆಳಕು ನುಸುಳದ ತಿದಿ, ಇಷ್ಟೇ. ಮಬ್ಬುಗಾಜಿನ ಮೇಲೆ ಬಿಂಬವು ಸ್ಫುಟವಾಗುವವರೆಗೆ ತಿದಿಯನ್ನು ಹಿಗ್ಗಿಸಿ ಕುಗ್ಗಿಸಿ, ಆ ಬಳಿಕ ಗಾಜಿದ್ದ ಎಡೆಗೆ ಫಿಲ್ಮಿನ ಹಾಳೆಯನ್ನು ಸೇರಿಸಿ ಬೆಳಕಿಗೆ ಒಡ್ಡುವುದೇ ಇದರ ಸಮಸ್ತ ವ್ಯಾಪಾರ. ಈಗ ಹೆಚ್ಚು ಬಳಕೆಯಲ್ಲಿರುವ 4×5 ಅಂಗುಲದ ಹಾಳೆಯ ವಿಸ್ತೀರ್ಣವು ನಾವೆಲ್ಲ ಬಲ್ಲ 35 ಮಿಲಿಮೀಟರ್ ರೀಲಿನ ಒಂದು ಚೌಕದ ಸುಮಾರು ಹದಿನೈದು ಪಾಲು ಆಗುವುದರಿಂದ, ಎಲೆಯ ನರ, ಕಲ್ಲಿನ ಉಳಿಗುರುತು, ಮುದುಕಿಯ ಕೈಯ ಸುಕ್ಕು ಇವೆಲ್ಲ ತಮ್ಮ ತಮ್ಮ ಎಡೆಯಲ್ಲಿ ಉಳಿಯುತ್ತವೆ.

ಮಬ್ಬುಗಾಜನ್ನು ನೋಡಲು ಮೊದಲ ಸಲ ಕರಿಬಟ್ಟೆಯೊಳಗೆ ತಲೆಯಿಟ್ಟವನಿಗೆ ಕಾಣುವುದು ಮಾತ್ರ ಬೇರೆಯೇ ಲೋಕ. ಆಕಾಶವು ಕೆಳಗಿದೆ, ತೆಂಗಿನ ಮರವು ಬೇರು ಮೇಲಾಗಿ ತೂಗುತ್ತಿದೆ, ಎಡದಿಂದ ಬಂದ ಸೈಕಲ್ಲು ಬಲದಿಂದ ಬರುತ್ತಿದೆ. ಮನಸ್ಸು ಕೆಲವು ನಿಮಿಷ ತೊಳಲಾಡಿ, ‘ಇದು ಮರ, ಇದು ಮನೆ’ ಎಂದು ಹೆಸರಿಡುವುದನ್ನು ಬಿಟ್ಟು, ಬೆಳಕು ನೆರಳುಗಳ ತೂಕವನ್ನಷ್ಟೇ ನೋಡತೊಡಗುತ್ತದೆ. ಈ ಕಲೆಯಲ್ಲಿ ಮುಖ್ಯವಾದ ಲಾಭವು ಇದೇ ಎಂದು ನಾನು ನಂಬಿದ್ದೇನೆ, ಚಿತ್ರವು ಎರಡನೆಯದು.

ಮದರಾಸು ಪ್ರಾಂತಕ್ಕೂ ಕನ್ನಡನಾಡಿಗೂ ಈ ದೊಡ್ಡ ಚಿತ್ರಗಳ ಸಂಬಂಧ ಬಹಳ ಹಳೆಯದು. ಮದರಾಸು ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಹಳೇಬೀಡು ಬೇಲೂರುಗಳ ಶಿಲ್ಪವನ್ನು ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದನು. ಮುಂದೆ ಮದರಾಸು ಸರಕಾರದ ಛಾಯಾಗ್ರಾಹಕನಾಗಿ ನಿಯುಕ್ತನಾಗಿ, 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಶಾಸನವನ್ನು ಇಪ್ಪತ್ತೊಂದು ಚಿತ್ರಗಳಲ್ಲಿ ತೆಗೆದು, ಸುಮಾರು 19 ಅಡಿ ಉದ್ದದ ಒಂದೇ ಪಟವಾಗಿ ಜೋಡಿಸಿದನು. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಹಂಪೆಯ ಅವಶೇಷಗಳನ್ನು ಒಂದೂವರೆ ಅಡಿಯಷ್ಟು ಅಗಲದ ಹಾಳೆಗಳ ಮೇಲೆ ಚಿತ್ರಿಸಿದನು. ಅದೇ ಸ್ಥಳಗಳಲ್ಲಿ ನಿಂತು 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಮರಳಿ ತೆಗೆದ ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದರೆ, ನಡುವಣ ನೂರಿಪ್ಪತ್ತೇಳು ವರ್ಷಗಳಲ್ಲಿ ಯಾವ ಕಂಬ ಉರುಳಿತು, ಯಾವುದನ್ನು ಎತ್ತಿ ನಿಲ್ಲಿಸಿದರು ಎಂಬುದೆಲ್ಲ ಕಣ್ಣಿಗೆ ಕಟ್ಟುತ್ತದೆ. ಆ ಕಾಲದ ಗಾಜಿನ ತೇವಫಲಕವನ್ನು ಆರುವ ಮುನ್ನವೇ ಸಂಸ್ಕರಿಸಬೇಕಾಗಿತ್ತು. ಮೇಣ ಹಚ್ಚಿದ ಕಾಗದವನ್ನಾದರೋ ದಿನಗಳ ಮುಂಚೆಯೇ ಸಿದ್ಧಪಡಿಸಿ ಒಯ್ಯಬಹುದಾಗಿತ್ತು. ಎತ್ತಿನ ಗಾಡಿಯಲ್ಲಿ, ಬಿಸಿಲಿನಲ್ಲಿ ಸಂಚರಿಸುವವರಿಗೆ ಅದೇ ಯೋಗ್ಯವೆಂದು ತೋರಿದುದು ಸಹಜ.

ಇಂದು ಹವ್ಯಾಸಕ್ಕಾಗಿ ಆರಂಭಿಸುವವರಿಗೆ ನನ್ನ ಮೊದಲ ಮಾತು ಇದು: ಹೊಸ ಮಸೂರಕ್ಕೂ ಬೆಲೆಬಾಳುವ ಕ್ಯಾಮೆರಾಕ್ಕೂ ಹಣವನ್ನು ಚೆಲ್ಲಬೇಡಿರಿ. ತೂತಿಲ್ಲದ ತಿದಿ, ಅಲುಗಾಡದ ಚೌಕಟ್ಟು, ಸರಿಯಾಗಿ ತೆರೆದು ಮುಚ್ಚುವ ಷಟರುಳ್ಳ 150 ಮಿಲಿಮೀಟರಿನ ಒಂದು ಮಸೂರ, ಗಟ್ಟಿಯಾದ ಟ್ರೈಪಾಡ್, ಫಿಲ್ಮಿನ ಹಾಳೆಯನ್ನು ಹಿಡಿದಿಡುವ ಎರಡು ಮೂರು ಹೋಲ್ಡರುಗಳು ಇಷ್ಟಿದ್ದರೆ ವರ್ಷಗಟ್ಟಲೆ ಸಾಗುತ್ತದೆ. ತಿದಿಯ ತೂತನ್ನು ಕಂಡುಹಿಡಿಯಲು ಕತ್ತಲೆ ಕೋಣೆಯಲ್ಲಿ ಅದರೊಳಗೆ ಒಂದು ಟಾರ್ಚನ್ನು ಹೊತ್ತಿಸಿ ಹೊರಗಿನಿಂದ ನೋಡಿದರಾಯಿತು.

ಫಿಲ್ಮಿನ ವಿಷಯದಲ್ಲಿ ನಮಗೆ ಒಂದು ದುಃಖದ ನೆನಪುಂಟು. 1960ರಲ್ಲಿ ಸ್ಥಾಪಿತವಾಗಿ 1967ರಿಂದ ಉದಕಮಂಡಲದಲ್ಲಿ ‘ಇಂದು’ ಎಂಬ ಹೆಸರಿನ ಫಿಲ್ಮನ್ನು ತಯಾರಿಸಿದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಈಗ ಮುಚ್ಚಿಹೋಗಿದೆ. ಇಲ್ಫರ್ಡ್, ಕೊಡಕ್, ಫೋಮಾ ಮುಂತಾದ ಹೊರದೇಶದ ಹಾಳೆಗಳು ದುಬಾರಿ. ಆದುದರಿಂದ ಅಭ್ಯಾಸದ ಕಾಲದಲ್ಲಿ ಅನೇಕರು ಆಸ್ಪತ್ರೆಗಳ ಎಕ್ಸ್-ರೇ ಫಿಲ್ಮನ್ನು ಆಶ್ರಯಿಸುತ್ತಾರೆ. ನಾನೂ ಹಾಗೆಯೇ ಮಾಡಿದೆ. 8×10 ಅಂಗುಲದ ಒಂದು ಹಾಳೆಯಿಂದ ನಾಲ್ಕು ತುಂಡುಗಳಾಗುತ್ತವೆ. ಹೋಲ್ಡರಿನಲ್ಲಿ ಕೂರುವಂತೆ ಅಂಚನ್ನು ಕೊಂಚ ಸವರಬೇಕು. ಈ ಫಿಲ್ಮಿಗೆ ಕೆಂಪು ಬೆಳಕು ತಾಗದಿರುವುದರಿಂದ ಮಂದವಾದ ಕೆಂಪು ದೀಪದಡಿಯಲ್ಲಿ ಕಣ್ಣಾರೆ ನೋಡುತ್ತ ಸಂಸ್ಕರಿಸಬಹುದು. ಆದರೆ ಅದೇ ಕಾರಣಕ್ಕೆ ಹಣೆಯ ಕುಂಕುಮವು ಚಿತ್ರದಲ್ಲಿ ಕಪ್ಪಾಗುತ್ತದೆ. ಎರಡೂ ಬದಿಗೆ ಲೇಪವಿರುವುದರಿಂದ ಒದ್ದೆಯಾದಾಗ ಉಗುರು ತಾಗಿದರೂ ಗೀರು ಬೀಳುತ್ತದೆ. ಸಂಸ್ಕರಿಸುವ ತಟ್ಟೆಯ ತಳದಲ್ಲಿ ನುಣುಪಾದ ಗಾಜನ್ನು ಹಾಸುವುದು ಒಳ್ಳೆಯದು.

ಸಂಗೀತದಲ್ಲಿ ಕೃತಿಗಿಂತ ಮೊದಲು ಸರಳೆ, ಜಂಟಿ ವರಸೆಗಳಿರುವಂತೆ ಇಲ್ಲಿಯೂ ಕೆಲವು ಪಾಠಗಳಿವೆ. ಹಾಳಾದ ಒಂದು ಫಿಲ್ಮ್ ತುಂಡನ್ನು ಹಿಡಿದು, ಮೊದಲು ಬೆಳಕಿನಲ್ಲಿ, ಬಳಿಕ ಕಣ್ಣು ಮುಚ್ಚಿ, ಕೊನೆಗೆ ಕಗ್ಗತ್ತಲೆಯಲ್ಲಿ, ಹೋಲ್ಡರಿಗೆ ತುಂಬುವುದನ್ನು ಇಪ್ಪತ್ತು ಸಲ ಮಾಡತಕ್ಕದ್ದು. ಮಾಮೂಲು ಫಿಲ್ಮಿನ ಅಂಚಿನಲ್ಲಿ ಸಣ್ಣ ಕಚ್ಚುಗಳಿರುತ್ತವೆ. ಹಾಳೆಯನ್ನು ಉದ್ದವಾಗಿ ಹಿಡಿದಾಗ ಆ ಕಚ್ಚು ಮೇಲಿನ ಬಲಮೂಲೆಗೆ ಬಂದರೆ ಲೇಪದ ಮುಖ ನಮ್ಮ ಕಡೆಗಿದೆಯೆಂದು ಬೆರಳೇ ಹೇಳಬೇಕು. ಹಾಗೆಯೇ ಹೊರಗಿನ ಕ್ರಮವನ್ನೂ ಬಾಯಿಪಾಠ ಮಾಡಿಕೊಳ್ಳಬೇಕು: ಬಿಂಬವನ್ನು ಸ್ಫುಟಗೊಳಿಸುವುದು, ಷಟರನ್ನು ಮುಚ್ಚುವುದು, ಮಸೂರದ ರಂಧ್ರವನ್ನು ಕಿರಿದುಗೊಳಿಸುವುದು, ಹೋಲ್ಡರನ್ನು ಸೇರಿಸುವುದು, ಬೆಳಕನ್ನು ತಡೆಯುವ ಅದರ ಫಲಕವನ್ನು ಎಳೆಯುವುದು, ಆಮೇಲೆ ಒಡ್ಡುವುದು. ತಿರುವೊಟ್ಟಿಯೂರಿನ ದೇವಾಲಯದ ಗೋಪುರದ ಮುಂದೆ ಒಂದು ಬೆಳಗ್ಗೆಯೆಲ್ಲ ಕಾದು, ಷಟರನ್ನು ಮುಚ್ಚದೆಯೇ ಫಲಕವನ್ನೆಳೆದು, ನಾನು ಹಾಳೆಯನ್ನು ಕಳೆದುಕೊಂಡುದುಂಟು.

ಆ ಗೋಪುರದ ಮುಂದೆಯೇ ಈ ಕ್ಯಾಮೆರಾದ ಮಹಿಮೆಯನ್ನೂ ಕಂಡೆ. ಎತ್ತರವನ್ನು ಹಿಡಿಯಲು ಸಾಧಾರಣ ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಗೋಪುರವು ಹಿಂದಕ್ಕೆ ಬಿದ್ದಂತಾಗುತ್ತದೆ. ಇಲ್ಲಿ ಹಿಂಬದಿಯನ್ನು ನೆಟ್ಟಗೆ ಇಟ್ಟು ಮಸೂರವೊಂದನ್ನೇ ಮೇಲಕ್ಕೆ ಸರಿಸಿದರೆ ಸಾಕು, ಗೆರೆಗಳು ಲಂಬವಾಗಿ ನಿಲ್ಲುತ್ತವೆ. ಮಸೂರವನ್ನು ಮುಂದಕ್ಕೆ ಬಾಗಿಸಿದರೆ ಕಾಲಬುಡದ ಹುಲ್ಲಿನಿಂದ ದೂರದ ದಿಗಂತದವರೆಗೆ ಎಲ್ಲವೂ ಸ್ಫುಟವಾಗುತ್ತದೆ. ಇದರ ಗಣಿತವನ್ನು ಬಿಡಿಸಿ ಹೇಳಿದವನು ಆಸ್ಟ್ರಿಯದ ಥಿಯೊಡೋರ್ ಶೈಂಫ್ಲೂಗ್. ಹತ್ತಿರದ ಹೂವನ್ನು ಅದರ ನಿಜಗಾತ್ರದಲ್ಲಿ ತೆಗೆಯುವಾಗ 150 ಮಿಲಿಮೀಟರಿನ ಮಸೂರಕ್ಕೆ ತಿದಿ 300ಕ್ಕೆ ಹಿಗ್ಗುವುದರಿಂದ ಬೆಳಕು ನಾಲ್ಕು ಪಾಲು ಬೇಕು ಎಂಬುದನ್ನು ಮರೆಯಬಾರದು.

ಸಂಸ್ಕರಣವೇ ನಮ್ಮ ಕಡಲತೀರದವರಿಗೆ ನಿಜವಾದ ಪರೀಕ್ಷೆ. ಬಿಂಬವನ್ನು ಮೂಡಿಸುವ ಡೆವಲಪರಿಗೆ 20 ಡಿಗ್ರಿ ಸೆಲ್ಸಿಯಸ್ ಬೇಕೆಂದು ಎಲ್ಲ ಕೋಷ್ಟಕಗಳೂ ಹೇಳುತ್ತವೆ. ವೈಶಾಖದಲ್ಲಿ ಮಣಲಿಯ ನಲ್ಲಿಯ ನೀರು 30ನ್ನು ಮೀರಿರುತ್ತದೆ. ಅಂಥ ನೀರಿನಲ್ಲಿ ಜಿಲಾಟಿನ್ ಮೆತ್ತಗಾಗಿ, ಚಿತ್ರವು ಕೈಮೀರಿದ ವೇಗದಲ್ಲಿ ಕಪ್ಪಾಗುತ್ತದೆ. ಬೆಳಗಿನ ಜಾವದಲ್ಲಿ, ಮಂಜುಗಡ್ಡೆಯ ಬೋಗುಣಿಯಲ್ಲಿ ತಟ್ಟೆಗಳನ್ನಿಟ್ಟು ಕೆಲಸ ಮಾಡಬೇಕು. ಡೆವಲಪರ್, ಬಿಂಬವನ್ನು ಸ್ಥಿರಗೊಳಿಸುವ ಹೈಪೋ, ತೊಳೆಯುವ ನೀರು ಇವೆಲ್ಲದರ ಶಾಖ ಒಂದೇ ಆಗಿರಬೇಕು, ಇಲ್ಲವಾದರೆ ಲೇಪವು ಬಿರುಕುಬಿಟ್ಟ ಕೆರೆಯಂಗಳದಂತಾಗುತ್ತದೆ. ಮಳೆಗಾಲದ ತೇವಕ್ಕೆ ಮಸೂರದಲ್ಲಿ ಬೂಷ್ಟು ಹಿಡಿಯುವುದರಿಂದ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿ ಅಗತ್ಯ. ನೆಗೆಟಿವ್ ಒಣಗಿದ ಮೇಲೆ ದೊಡ್ಡ ಯಂತ್ರವೇನೂ ಬೇಡ. ಮುದ್ರಣದ ಕಾಗದದ ಮೇಲೆ ಅದನ್ನಿಟ್ಟು ಗಾಜನ್ನು ಒತ್ತಿ ಬೆಳಕಿಗೆ ಹಿಡಿದು ಸಂಸ್ಕರಿಸಿದರೆ ಅಂಗೈಯಗಲದ ಚಿತ್ರವು ಸಿದ್ಧ.

ನಿಯಮಗಳನ್ನು ಗೌರವಿಸಿರಿ. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಲು ಅನುಮತಿ ಬೇಕು. ಮಣಲಿಯಂಥ ಊರಿನಲ್ಲಿ ಕಾರ್ಖಾನೆಗಳ ಕಡೆಗೆ ಕೇಳದೆ ಮಸೂರವನ್ನು ತಿರುಗಿಸಬಾರದು.

ಕೊನೆಗೆ ಒಂದು ಬಿನ್ನಹ. ಕನ್ನಡನಾಡಿನ ಸಣ್ಣ ಊರುಗಳ ಹಳೆಯ ಸ್ಟುಡಿಯೋಗಳ ಅಟ್ಟದ ಮೇಲೆ ಹಾಫ್ ಪ್ಲೇಟ್ ಅಳತೆಯ ಮರದ ಕ್ಯಾಮೆರಾಗಳೂ, ಮದುವೆಯ ಗುಂಪುಚಿತ್ರಗಳ ಗಾಜಿನ ನೆಗೆಟಿವ್‌ಗಳ ಪೆಟ್ಟಿಗೆಗಳೂ ಧೂಳು ಹಿಡಿದಿರುವುದುಂಟು. ನಿಮ್ಮ ಮನೆಯಲ್ಲಿ ಅಂಥದೊಂದಿದ್ದರೆ ಗುಜರಿಗೆ ಹಾಕಬೇಡಿರಿ, ಹೋಟೆಲಿನ ಅಲಂಕಾರಕ್ಕೂ ಮಾರಬೇಡಿರಿ. ಕೆಳಗಿಳಿಸಿ, ಒರೆಸಿ, ತಿದಿಯನ್ನು ಹಿಗ್ಗಿಸಿ, ಕಿಟಕಿಯ ಕಡೆಗೆ ತಿರುಗಿಸಿ, ಕರಿಬಟ್ಟೆಯೊಳಗೆ ಒಮ್ಮೆ ತಲೆಯಿಟ್ಟು ನೋಡಿರಿ.